ಟಿವಿ ನೀರು ಕುಡಿದರೆ

ಟಿವಿಗೆ ನೀರು ನುಗ್ಗಿತು ಎಂದರೆ ಮೊದಲು ಕಣ್ಣಿಗೆ ಕಟ್ಟುವುದು ನೆರೆ. 2018ರ ಆಗಸ್ಟ್‌ನ ಕೊಡಗು, 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳು, 2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಆಸುಪಾಸಿನ ಬಡಾವಣೆಗಳು. ನೀರಿಳಿದ ಮೇಲೆ ಜನ ಬೀದಿಗೆ ತಂದಿಟ್ಟ ಸಾಮಾನಿನ ರಾಶಿಯಲ್ಲಿ ಹಾಸಿಗೆ, ಫ್ರಿಜ್ಜು, ನೆನೆದ ಅಕ್ಕಿಮೂಟೆಗಳ ಜೊತೆ ಟಿವಿಯೂ ಗೋಡೆಗೆ ಒರಗಿ ನಿಂತಿರುತ್ತದೆ. ಆದರೆ ನೆರೆಯೇ ಕಾಣದ ಊರುಗಳಲ್ಲಿ, ಮಳೆಯೇ ಬಾರದ ತಿಂಗಳುಗಳಲ್ಲೂ ರಿಪೇರಿ ಅಂಗಡಿಗೆ ನೀರು ಕುಡಿದ ಟಿವಿಗಳು ಬರುತ್ತಲೇ ಇರುತ್ತವೆ.

ಅವುಗಳ ಕಾರಣ ಬಲು ಸಣ್ಣದು. ಹಬ್ಬದ ಹಿಂದಿನ ದಿನ ಮನೆಯೆಲ್ಲ ಒರೆಸುವ ಭರದಲ್ಲಿ, ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇಯನ್ನೇ ಟಿವಿ ಪರದೆಗೂ ಹೊಡೆಯುತ್ತೇವೆ. ಇಲ್ಲವೇ ಸರಿಯಾಗಿ ಹಿಂಡದ ಬಟ್ಟೆಯಲ್ಲಿ ಒರೆಸುತ್ತೇವೆ. ಹನಿ ಪರದೆಯ ಮೇಲೆ ಜಾರಿ ಕೆಳಗಿನ ಚೌಕಟ್ಟಿನ ಸಂದಿಗೆ ಇಳಿಯುತ್ತದೆ. ಬಹಳಷ್ಟು ಮಾಡೆಲ್‌ಗಳಲ್ಲಿ ಪರದೆಯ ನರನಾಡಿಗಳೆಲ್ಲ ಕೂಡುವುದು ಸರಿಯಾಗಿ ಆ ಅಂಚಿನಲ್ಲೇ. ಎರಡು ಚಮಚ ನೀರು ಸಾಕು.

ಇನ್ನೊಂದು ದಾರಿ ಗೋಡೆ. ಮೇಲಿನ ಮನೆಯ ಬಚ್ಚಲಿನ ಪೈಪು ಸೋರಿ, ಗೋಡೆಯೊಳಗೇ ಇಳಿದ ತೇವ ಟಿವಿಯ ಬೆನ್ನಿಗೆ ತಾಗುತ್ತದೆ. ಗೋಡೆಗೆ ಅಂಟಿದಂತೆ ನೇತುಹಾಕಿದ ಟಿವಿಯ ಹಿಂದೆ ಗಾಳಿಯಾಡದ ಕಾರಣ ಅದು ತಿಂಗಳುಗಟ್ಟಲೆ ಗೊತ್ತೇ ಆಗುವುದಿಲ್ಲ. ಮಲೆನಾಡು, ಕರಾವಳಿಯ ಮನೆಗಳಲ್ಲಿ ಮೂರನೆಯ ದಾರಿಯೂ ಉಂಟು: ಡಿಶ್ ಕೇಬಲ್. ಸೂರಿನ ಮೇಲಿಂದ ಇಳಿಜಾರಾಗಿ ನೇರವಾಗಿ ಒಳಗೆ ಬಂದ ಕೇಬಲ್ಲಿನ ಮೈಗುಂಟ ಮಳೆನೀರು ಹರಿದು ಬಂದು ಸೆಟ್‌ಟಾಪ್ ಬಾಕ್ಸಿಗೆ ಇಳಿಯುತ್ತದೆ. ಬಾಕ್ಸನ್ನು ಟಿವಿಯ ಬೆನ್ನಿಗೇ ಅಂಟಿಸಿದ್ದರೆ ಎರಡೂ ಹೋದಂತೆ. ಕೇಬಲ್ ಗೋಡೆಯೊಳಗೆ ತೂರುವ ಮುನ್ನ ಹೊರಗಡೆ ಒಂದು ಗೇಣು ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರುವಂತೆ ಬಿಟ್ಟರೆ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಡಿಶ್ ಕೂರಿಸಲು ಬಂದವರಿಗೆ ಇದು ಗೊತ್ತಿರುತ್ತದೆ. ಆ ಒಂದು ಗೇಣು ಕೇಬಲ್ ಉಳಿಸುವ ಆತುರ ಮಾತ್ರ ಹೋಗುವುದಿಲ್ಲ.

ಹಳೆಯ ಡಬ್ಬಾ ಟಿವಿಗಳಿಗೆ ನೀರಿನ ಭಯ ಇರಲಿಲ್ಲವೆಂದಲ್ಲ. ಕಲರ್ ಟಿವಿಯ ಪಿಕ್ಚರ್ ಟ್ಯೂಬಿಗೆ ಇಪ್ಪತ್ತು ಸಾವಿರ ವೋಲ್ಟಿಗೂ ಮೇಲ್ಪಟ್ಟ ಒತ್ತಡ ಬೇಕಿತ್ತು. ಆಷಾಢದ ತೇವಕ್ಕೆ ಒಳಗಿನ ದೂಳು ಹಸಿಯಾಗಿ, ಟಿವಿ ಹಾಕಿದ ಕೂಡಲೇ ಚಟಚಟ ಎನ್ನುತ್ತಿತ್ತು. ಆದರೆ ಅದರೊಳಗೆ ಜಾಗ ಧಾರಾಳ, ಬಿಸಿಯೂ ಧಾರಾಳ. ಬಿಡಿಭಾಗಗಳು ದೊಡ್ಡವು, ಒಂದೊಂದನ್ನೂ ಕಿತ್ತು ಬೇರೆ ಹಾಕಬಹುದಿತ್ತು. ಆ ಟಿವಿಗೆ ಸಾವೆಂದರೆ ಟ್ಯೂಬ್ ಹೋಗುವುದು ಮಾತ್ರ. ಮಿಕ್ಕ ಎಲ್ಲಕ್ಕೂ ಮೆಕ್ಯಾನಿಕ್ ಇದ್ದ. ಈಗಿನ ತೆಳು ಟಿವಿಯಲ್ಲಿ ರಿಪೇರಿಗೆ ಒಗ್ಗುವ ಭಾಗ, ಒಗ್ಗದ ಭಾಗ ಎರಡೂ ಒಂದೇ ಹೊದಿಕೆಯೊಳಗಿವೆ. ನೀರು ಅವೆರಡರಲ್ಲಿ ಯಾವುದನ್ನು ಮುಟ್ಟಿತು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅದಕ್ಕೇ, 'ರಿಪೇರಿಗೆ ಎಷ್ಟಾಗುತ್ತದೆ' ಎಂದು ಶುರುಮಾಡುವುದು ತಪ್ಪು ದಾರಿ ಎಂಬುದು ನನ್ನ ಅಭಿಪ್ರಾಯ. ಅದಕ್ಕೂ ಮುಂಚೆ ಮೂರು ಪ್ರಶ್ನೆಗಳಿವೆ. ನೀರು ಬಿದ್ದಾಗ ಕರೆಂಟ್ ಇತ್ತೇ? ಅದು ಎಂಥ ನೀರು? ಎಲ್ಲಿಗೆ ಹೋಗಿದೆ? ಈ ಮೂರಕ್ಕೆ ಉತ್ತರ ಸಿಕ್ಕಮೇಲೆ ದುಡ್ಡಿನ ಲೆಕ್ಕ ತಾನೇ ಸರಳವಾಗುತ್ತದೆ.

ಕರೆಂಟಿನ ವಿಷಯವೇ ಮುಖ್ಯ. ಎಲೆಕ್ಟ್ರಾನಿಕ್ ಬೋರ್ಡಿಗೆ ನೀರು ತಾಗಿದ ತಕ್ಷಣ ಅದು ಕೆಟ್ಟುಹೋಗುತ್ತದೆ ಎಂದು ನಾವು ನಂಬಿದ್ದೇವೆ. ನಿಜವೆಂದರೆ, ಬೋರ್ಡ್ ತಯಾರಿಸುವ ಕಾರ್ಖಾನೆಗಳಲ್ಲೇ ಬೆಸುಗೆ ಹಾಕಿದ ಮೇಲೆ ಲವಣ ತೆಗೆದ ನೀರಿನಲ್ಲಿ ಅವನ್ನು ತೊಳೆದು ಒಣಗಿಸುವ ಪದ್ಧತಿಯಿದೆ. ಬರೀ ನೀರು ಕೊಲ್ಲುವುದಿಲ್ಲ. ನೀರು, ಅದರಲ್ಲಿ ಕರಗಿದ ಉಪ್ಪು, ವಿದ್ಯುತ್ತು ಮೂರೂ ಒಟ್ಟಿಗೆ ಸೇರಿದಾಗ ಅನಾಹುತ. ಬೋರ್ಡಿನ ಮೇಲಿನ ತಾಮ್ರದ ಗೆರೆಗಳ ನಡುವೆ ಕೂದಲೆಳೆಯಷ್ಟು ಅಂತರ. ಅಲ್ಲಿ ಉಪ್ಪುನೀರು ನಿಂತು, ಒಂದು ಗೆರೆಯಲ್ಲಿ ವೋಲ್ಟೇಜ್ ಇದ್ದರೆ, ಧನ ಬದಿಯ ತಾಮ್ರ ಕರಗಿ ನೀರಿಗಿಳಿಯುತ್ತದೆ. ಹಾಗೆ ಕರಗಿದ್ದು ಋಣ ಬದಿಗೆ ಹೋಗಿ ಕೂತು, ಜರೀಗಿಡದ ಎಲೆಯಂತೆ ಕವಲೊಡೆಯುತ್ತ ಎದುರಿನ ಗೆರೆಯ ಕಡೆ ಬೆಳೆಯುತ್ತದೆ. ಎರಡೂ ಮುಟ್ಟಿಕೊಂಡ ಕ್ಷಣ ಶಾರ್ಟ್. ಇದಕ್ಕೆ ದಿನಗಳೇನೂ ಬೇಡ. ತಕ್ಕಷ್ಟು ವೋಲ್ಟೇಜ್ ಇದ್ದರೆ ನಿಮಿಷಗಳು ಸಾಕು.

ಇಲ್ಲೊಂದು ಮೋಸವಿದೆ. ರಿಮೋಟಿನಲ್ಲಿ ಆಫ್ ಮಾಡಿದ ಟಿವಿ ಆಫ್ ಆಗಿರುವುದಿಲ್ಲ. ಕೆಂಪು ದೀಪ ಉರಿಯುತ್ತಿದೆ ಎಂದರೆ ಪವರ್ ಬೋರ್ಡಿನ ಒಂದು ಭಾಗಕ್ಕೆ 230 ವೋಲ್ಟ್ ಹೋಗುತ್ತಲೇ ಇದೆ, ರಿಮೋಟಿನ ಕರೆಗೆ ಕಾದಿರುವ ಚಿಪ್ಪೂ ಎಚ್ಚರವಾಗಿದೆ. 'ಆಗ ಟಿವಿ ಆಫ್ ಇತ್ತು ಸಾರ್, ಆದ್ರೂ ಹೋಯ್ತು' ಎಂದು ಅಂಗಡಿಯಲ್ಲಿ ಗೋಳಾಡುವವರ ಟಿವಿ ಹೋಗಿದ್ದು ಹೀಗೆ. ಗೋಡೆಯ ಸ್ವಿಚ್ ಆರಿಸಿದ್ದವರ ಟಿವಿ, ಅಷ್ಟೇ ನೀರು ಬಿದ್ದಿದ್ದರೂ, ಬಹಳ ಸಲ ಬದುಕುತ್ತದೆ.

ನೀರು ಬಿದ್ದದ್ದು ಕಂಡ ಕೂಡಲೇ ಮಾಡಬೇಕಾದದ್ದೂ ಅದೇ. ಮೊದಲು ಗೋಡೆಯ ಸ್ವಿಚ್, ಆಮೇಲೆ ಪ್ಲಗ್. ಸಾಕೆಟ್ಟೇ ಒದ್ದೆಯಾಗಿದ್ದರೆ, ನೆಲದಲ್ಲಿ ನೀರು ನಿಂತಿದ್ದರೆ, ಟಿವಿಯ ಹತ್ತಿರಕ್ಕೂ ಹೋಗದೆ ಮೀಟರ್ ಬೋರ್ಡಿನ ಮೇನ್ ಸ್ವಿಚ್ ಆರಿಸಬೇಕು. ಮೀಟರ್ ಬೋರ್ಡ್‌ವರೆಗೂ ನೀರು ಬಂದಿದ್ದರೆ ಅದನ್ನೂ ಮುಟ್ಟದೆ ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಕರೆ ಮಾಡಬೇಕು. ಆಮೇಲಿನದು ತಾಳ್ಮೆಯ ಕೆಲಸ. ಎಲ್ಲರೂ ಎಡವುವುದೂ ಅಲ್ಲೇ. ಎರಡು ಗಂಟೆ ಫ್ಯಾನ್ ಕೆಳಗಿಟ್ಟು 'ಬರ್ತದೇನೋ ನೋಡೋಣ' ಎಂದು ಆನ್ ಮಾಡುತ್ತಾರೆ. ಬೋರ್ಡಿನ ಮೇಲ್ಮೈ ಒಣಗಿರುತ್ತದೆ, ಚಿಪ್ಪಿನ ಹೊಟ್ಟೆಯ ಕೆಳಗಿನ ಹನಿ ಒಣಗಿರುವುದಿಲ್ಲ. ಅದುವರೆಗೆ ಕೆಡದೆ ಉಳಿದಿದ್ದ ಟಿವಿ ಆ ಪರೀಕ್ಷೆಯಲ್ಲಿ ಕೆಡುತ್ತದೆ.

ಒಣಗಿಸುವ ಬಗೆಯಲ್ಲೂ ಒಂದಿಷ್ಟು ತಪ್ಪು ತಿಳಿವಳಿಕೆಗಳಿವೆ. ಅಕ್ಕಿಯ ವಿಚಾರ ಎಲ್ಲರಿಗೂ ಗೊತ್ತು. ಒದ್ದೆ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹುಗಿಯಬೇಡಿ, ಅಕ್ಕಿಯ ಪುಡಿ ಒಳಹೊಕ್ಕು ಇನ್ನಷ್ಟು ಕೆಡಿಸುತ್ತದೆ ಎಂದು 2024ರಲ್ಲಿ ಆಪಲ್ ಕಂಪನಿಯೇ ಹೇಳಿತು. ಟಿವಿಗಂತೂ ಅಷ್ಟು ಅಕ್ಕಿ ಸುರಿಯುವವರಿಲ್ಲ, ಆದರೆ ಹೇರ್ ಡ್ರೈಯರ್ ಹಿಡಿಯುವವರು ಇದ್ದಾರೆ. ಬಿಸಿಗಾಳಿಯ ರಭಸಕ್ಕೆ ನೀರು ಆಚೆ ಬರುವ ಬದಲು ಒಳಗೊಳಗೇ ಸರಿಯುತ್ತದೆ, ಪರದೆಯ ಹಿಂದಿನ ಪ್ಲಾಸ್ಟಿಕ್ ಹಾಳೆಗಳು ಸೊಟ್ಟಗಾಗುತ್ತವೆ. ಬಿಸಿಲಿಗೆ ಇಡುವುದೂ ಬೇಡ. ಮಲೆನಾಡಿನಲ್ಲಿ ಬಟ್ಟೆ ಒಣಗಿಸಿದಂತೆ ಬಚ್ಚಲ ಒಲೆಯ ಹತ್ತಿರ ಇಡುವ ಯೋಚನೆ ಯಾರಿಗಾದರೂ ಬಂದರೆ ದಯವಿಟ್ಟು ಬಿಡಿ. ಟಿವಿಯನ್ನು ಮಲಗಿಸಬಾರದು, ಅಲ್ಲಾಡಿಸಬಾರದು, ತಲೆಕೆಳಗು ಮಾಡಬಾರದು. ನಿಂತ ಹಾಗೇ ನಿಲ್ಲಿಸಿ, ಹಿಂದೆ ಮುಂದೆ ಗಾಳಿಯಾಡುವ ಕಡೆ ಇಟ್ಟು, ಮೆಕ್ಯಾನಿಕ್‌ಗೆ ಹೇಳಿಕಳಿಸುವುದು ಮೇಲು. ಹಿಂದಿನ ಮುಚ್ಚಳ ತೆಗೆದರೆ ಬೇಗ ಒಣಗುತ್ತದೆ ನಿಜ, ಆದರೆ ಆ ಕೆಲಸ ಮನೆಯವರದಲ್ಲ. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟಿಗೂ ಮೇಲ್ಪಟ್ಟ ಒತ್ತಡ ಇರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿಯುತ್ತದೆ.

ಇನ್ನು ಎಂಥ ನೀರು ಎಂಬ ಪ್ರಶ್ನೆ. ಮಳೆನೀರು ಎಲ್ಲಕ್ಕಿಂತ ಕಡಿಮೆ ಅಪಾಯದ್ದು, ಅದರಲ್ಲಿ ಲವಣ ಕಡಿಮೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ ನೀರು ಒಣಗಿದ ಮೇಲೆ ಬಕೆಟ್ಟಿನಲ್ಲಿ ಬಿಳಿ ಕಟ್ಟುವುದನ್ನು ನೋಡಿದವರಿಗೆ ಅದು ಬೋರ್ಡಿನ ಮೇಲೂ ಹಾಗೇ ಕಟ್ಟುತ್ತದೆ ಎಂದು ಬೇರೆ ಹೇಳಬೇಕಿಲ್ಲ. ಟ್ಯಾಂಕು ತುಂಬಿ ಹರಿದು ಸೋರಿದ ನೀರು ಬೆಂಗಳೂರಿನಲ್ಲೂ ಬಹಳ ಕಡೆ ಇದೇ ಜಾತಿಯದು. ಕಾಫಿ, ಜ್ಯೂಸ್, ಎಳನೀರು ಚೆಲ್ಲಿದರೆ ಸಕ್ಕರೆಯಂಶ ಅಂಟಾಗಿ ಕೂತು ತೇವ ಹಿಡಿದಿಡುತ್ತದೆ. ಕರಾವಳಿಯ ಉಪ್ಪುನೀರು ಇನ್ನೂ ಕೆಟ್ಟದ್ದು. ಎಲ್ಲಕ್ಕಿಂತ ಕೆಟ್ಟದ್ದು ನೆರೆಯ ನೀರು, ಅದರಲ್ಲೂ ನಗರದ್ದು. ರಾಜಕಾಲುವೆ ಉಕ್ಕಿ ಮನೆಗೆ ನುಗ್ಗುವುದರಲ್ಲಿ ಮಳೆನೀರಿನ ಜೊತೆ ಚರಂಡಿ ನೀರು, ಕೆಸರು, ಎಣ್ಣೆ ಎಲ್ಲ ಬೆರೆತಿರುತ್ತದೆ. ಕೆಸರು ಕನೆಕ್ಟರುಗಳ ಸಂದಿಗೆ, ಟ್ರಾನ್ಸ್‌ಫಾರ್ಮರಿನ ಸುರುಳಿಗೆ ಹೊಕ್ಕರೆ ಎಷ್ಟು ತೊಳೆದರೂ ಪೂರಾ ಬರುವುದಿಲ್ಲ.

ಉಳಿದದ್ದು ನೀರು ಎಲ್ಲಿಗೆ ಹೋಗಿದೆ ಎಂಬ ಪ್ರಶ್ನೆ. ಶಿವಮೊಗ್ಗದ ಒಂದು ರಿಪೇರಿ ಅಂಗಡಿಯಲ್ಲಿ ಹೆಂಚಿನ ಮಾಡು ಸೋರಿ ನೆನೆದಿದ್ದ 40 ಇಂಚಿನ ಟಿವಿಯೊಂದನ್ನು ಬಿಚ್ಚುತ್ತಿದ್ದರು. ತಂದವರು ತೀರ್ಥಹಳ್ಳಿ ಕಡೆಯ ಹೆಂಗಸು, ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು. ಮೆಕ್ಯಾನಿಕ್ ಹಿಂದಿನ ಮುಚ್ಚಳದ ಸ್ಕ್ರೂಗಳನ್ನು ಅಳತೆಗೆ ತಕ್ಕಂತೆ ಬೇರೆ ಬೇರೆ ಬಾಟಲಿ ಮುಚ್ಚಳಗಳಿಗೆ ಹಾಕುತ್ತ ಹೋದ. ಮುಚ್ಚಳ ಎತ್ತಿದರೆ ಒಳಗೆ ಬಹುಪಾಲು ಖಾಲಿ ತಗಡು. ಎಡಕ್ಕೆ ಪವರ್ ಬೋರ್ಡು, ಬಲಕ್ಕೆ ಮೇನ್ ಬೋರ್ಡು, ಕೆಳಗೆ ಎರಡು ಪುಟ್ಟ ಸ್ಪೀಕರ್. ಮೇಲಿನ ಗಾಳಿಕಿಂಡಿಯಿಂದ ಇಳಿದ ನೀರಿನ ಗುರುತು ತಗಡಿನ ಮೇಲೆ ಕಂದುಬಣ್ಣದ ಗೆರೆಯಾಗಿ ಮೇನ್ ಬೋರ್ಡಿನವರೆಗೂ ಬಂದಿತ್ತು. ಎಚ್‌ಡಿಎಂಐ ಕಿಂಡಿಗಳ ಬುಡದಲ್ಲಿ ಹಸಿರು ಕಟ್ಟಿತ್ತು. ಅವನು ಮೊದಲು ನೋಡಿದ್ದು ಬೋರ್ಡನ್ನಲ್ಲ. ಟಾರ್ಚ್ ಹಿಡಿದು ತಗಡಿನ ಕೆಳ ಅಂಚನ್ನು ಉದ್ದಕ್ಕೂ ಬೆರಳಾಡಿಸಿ ನೋಡಿದ.

'ಸರಿಹೋಗತ್ತಾ ಅಣ್ಣಾ?'

'ಪ್ಯಾನೆಲ್ ತಂಟೆಗೆ ಹೋಗಿಲ್ಲ ಅಕ್ಕ. ಅಂಚು ಒಣಗಿದೆ. ಅಲ್ಲಿಗೆ ನೀರು ಇಳಿದಿದ್ರೆ ಮುಚ್ಚಳ ಹಾಕಿ ವಾಪಸ್ ಕೊಡ್ತಿದ್ದೆ.'

ಆಮೇಲೆ ಮೇನ್ ಬೋರ್ಡನ್ನು ಬಿಚ್ಚಿ, ಐಪಿಎ ಎಂದು ಅವರು ಕರೆಯುವ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ ಅದ್ದಿ ಉಜ್ಜಿದ. ಹಸಿರು ಕರಗಿ ನೀಲಿ ರಾಡಿಯಾಗಿ ಇಳಿಯಿತು. ಬ್ಲೋವರಿನಲ್ಲಿ ಊದಿ, ಭೂತಗನ್ನಡಿ ಹಿಡಿದು, ಮತ್ತೆ ಉಜ್ಜಿದ. ಒಂದು ಕಡೆ ತಾಮ್ರದ ಗೆರೆಯೇ ತಿಂದುಹೋಗಿತ್ತು. ಅಲ್ಲಿಗೆ ತೆಳು ತಂತಿಯೊಂದನ್ನು ಬೆಸೆದ. 'ಎರಡು ದಿನ ಬಿಟ್ಟು ಬನ್ನಿ. ಇವತ್ತೇ ಹಾಕಿ ನೋಡಲ್ಲ,' ಎಂದ. ಆ ಕೊನೆಯ ಮಾತು ಕೇಳಿದ ಮೇಲೆ ಅಂಗಡಿಯ ಮೇಲೆ ನನಗೆ ನಂಬಿಕೆ ಬಂತು.

ಅವನು ಅಷ್ಟು ಹೆದರಿದ ಆ ಪ್ಯಾನೆಲ್ಲಿನ ಅಂಚಿನಲ್ಲಿ ಏನಿದೆ? ಎಲ್‌ಇಡಿ ಟಿವಿ ಎಂದು ನಾವು ಕರೆಯುವುದು ಅಸಲಿಗೆ ಎಲ್‌ಸಿಡಿ ಪರದೆ. ಎರಡು ತೆಳು ಗಾಜಿನ ಹಾಳೆಗಳ ನಡುವೆ ದ್ರವ ಹರಳಿನ ಪದರ, ಅದರ ಹಿಂದೆ ಬೆಳಕನ್ನು ಹರಡುವ ಪ್ಲಾಸ್ಟಿಕ್ ಹಾಳೆಗಳು, ಅವುಗಳ ಹಿಂದೆ ಸಾಲು ಸಾಲಾಗಿ ಎಲ್‌ಇಡಿ ಬಲ್ಬುಗಳ ಪಟ್ಟಿ. ಚಿತ್ರ ಮೂಡಿಸುವುದು ಗಾಜು. ಬೆಳಕು ಕೊಡುವುದಷ್ಟೇ ಎಲ್‌ಇಡಿಯ ಕೆಲಸ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಕ್ಕೆ 1,920 ಚುಕ್ಕಿ. ಒಂದೊಂದು ಚುಕ್ಕಿಯಲ್ಲೂ ಕೆಂಪು, ಹಸಿರು, ನೀಲಿ ಎಂದು ಮೂರು ಭಾಗ. ಅಂದರೆ 5,760 ಲಂಬ ಸಾಲುಗಳಿಗೆ ಒಂದೊಂದಕ್ಕೂ ಸಂಕೇತ ಹೋಗಬೇಕು. 4ಕೆ ಟಿವಿಯಲ್ಲಾದರೆ 11,520. ಇಷ್ಟನ್ನೂ ಹೊತ್ತು ತರುವುದು ಗಾಜಿನ ಅಂಚಿಗೆ ಅಂಟಿಸಿದ ಮೆತ್ತನೆಯ ಫಿಲ್ಮ್ ಪಟ್ಟಿಗಳು. ಒಂದೊಂದು ಪಟ್ಟಿಯ ಮೇಲೂ ಒಂದು ಚಿಪ್. ಪಟ್ಟಿಯ ಗೆರೆಗಳು ಕೂದಲಿಗಿಂತ ತೆಳು. ಅವು ಗಾಜಿಗೆ ಕೂಡಿರುವುದು ಬೆಸುಗೆಯಿಂದಲ್ಲ, ಲೋಹದ ಕಣಗಳಿರುವ ಅಂಟಿನಿಂದ. ಸೋಲ್ಡರಿಂಗ್ ಐರನ್ನು ಅಲ್ಲಿ ಏನೂ ಮಾಡಲಾರದು.

ಈ ಅಂಚಿಗೆ ನೀರು ಇಳಿದಾಗ ಟಿವಿ ಒಮ್ಮೆಗೇ ಸಾಯಬೇಕೆಂದಿಲ್ಲ. ಮೊದಲು ಒಂದು ಲಂಬ ಗೆರೆ ಬರುತ್ತದೆ. ಆನ್ ಮಾಡಿದ ಹತ್ತು ನಿಮಿಷಕ್ಕೆ ಹೋಗುತ್ತದೆ. ವಾರ ಕಳೆದು ನಾಲ್ಕು ಗೆರೆ, ಆಮೇಲೆ ಪರದೆಯ ಒಂದು ಪಟ್ಟಿಯೇ ಕಪ್ಪಗೆ ಅಥವಾ ಬೆಳ್ಳಗೆ. 'ಲೈನ್ ಬಂದಿದೆ' ಎಂದರೆ ಮೆಕ್ಯಾನಿಕ್ ಮುಖ ಸಪ್ಪಗಾಗುವುದು ಇದಕ್ಕೇ. ದೊಡ್ಡ ನಗರಗಳಲ್ಲಿ ಈ ಪಟ್ಟಿಗಳನ್ನು ಕಿತ್ತು ಬೇರೆ ಅಂಟಿಸುವ ಬಾಂಡಿಂಗ್ ಯಂತ್ರ ಇಟ್ಟುಕೊಂಡವರಿದ್ದಾರೆ. ಬೇರೆ ಕಾರಣಕ್ಕೆ ಗೆರೆ ಬಂದ ದೊಡ್ಡ ಟಿವಿಗಳಲ್ಲಿ ಅದು ಫಲ ಕೊಡಬಹುದು. ನೀರು ತಾಗಿದ್ದರಲ್ಲಿ ಗಾಜಿನ ಮೇಲಿನ ಗೆರೆಗಳೇ ಸವೆದಿರುತ್ತವೆ. ಒಂದು ಪಟ್ಟಿ ಸರಿಮಾಡಿದರೆ ಪಕ್ಕದ್ದು ಹೋಗುತ್ತದೆ. ಅದಕ್ಕೆ ದುಡ್ಡು ಸುರಿಯಬೇಡಿ ಎಂದು ಖಡಾಖಂಡಿತವಾಗಿ ಹೇಳಬಲ್ಲೆ. ಇಡೀ ಪ್ಯಾನೆಲ್ ಬದಲಿಸುವ ಮಾತು ಬಂದರೆ, ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಬೆಲೆ ಕೇಳಿ ನೋಡಿ. ಟಿವಿಯ ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಪ್ಯಾನೆಲ್ಲಿನದೇ. ಬಿಡಿಯಾಗಿ ಕೊಂಡು, ಕೂಲಿ, ತೆರಿಗೆ ಸೇರಿಸಿದರೆ ಹೊಸ ಟಿವಿಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಒಎಲ್‌ಇಡಿ ಟಿವಿಯಾದರೆ ಇನ್ನೂ ಸೂಕ್ಷ್ಮ. ಅದರ ಬೆಳಕು ಕೊಡುವ ಸಾವಯವ ಪದರಗಳಿಗೆ ತೇವಾಂಶ, ಆಮ್ಲಜನಕ ಎರಡೂ ಆಗದು ಎಂದು ಕಾರ್ಖಾನೆಯಲ್ಲೇ ಬಿಗಿಯಾಗಿ ಮುಚ್ಚಿರುತ್ತಾರೆ. ಅಂಚಿನಿಂದ ನೀರು ಒಳಹೊಕ್ಕ ಒಎಲ್‌ಇಡಿಗೆ ಚಿಕಿತ್ಸೆಯಿಲ್ಲ.

ಗಾಜಿನ ಹಿಂದಿನ ಹಾಳೆಗಳ ನಡುವೆ ಮಾತ್ರ ನೀರು ಹೊಕ್ಕಿದ್ದರೆ ಗೆರೆ ಬರುವುದಿಲ್ಲ, ಮೋಡದಂಥ ಕಲೆ ಮೂಡುತ್ತದೆ. ಬಿಳಿ ಹಿನ್ನೆಲೆ ಬಂದಾಗ ಎದ್ದು ಕಾಣುತ್ತದೆ, ಕತ್ತಲೆಯ ದೃಶ್ಯದಲ್ಲಿ ಕಾಣುವುದೇ ಇಲ್ಲ. ಹಾಳೆ ತೆಗೆದು ಒರೆಸಿ ಕೂರಿಸಬಹುದು, ಆದರೆ ಅದಕ್ಕೆ ಗಾಜನ್ನು ಎತ್ತಿ ಬದಿಗಿಡಬೇಕು. 50 ಇಂಚಿನ ಟಿವಿಯ ಆ ತೆಳು ಗಾಜನ್ನು ಇಬ್ಬರು ಹಿಡಿದು ಎತ್ತುವಾಗ ಮೂಲೆಯೊಂದು ಬಳುಕಿದರೆ ಮುಗಿಯಿತು. ಕಲೆ ಸಣ್ಣದಾಗಿದ್ದು ಕಣ್ಣಿಗೆ ಅಷ್ಟೇನೂ ಚುಚ್ಚದಿದ್ದರೆ ಹಾಗೇ ನೋಡಿಕೊಂಡು ಹೋಗುವುದು ಜಾಣತನ. ನಮ್ಮಲ್ಲಿ ಸ್ಕ್ರ್ಯಾಚ್ ಆದೀತೆಂದು ಐದು ವರ್ಷ ಪ್ಲಾಸ್ಟಿಕ್ ಕವರ್ ಕೀಳದೆ ಟಿವಿ ನೋಡಿದವರಿದ್ದಾರೆ, ಒಂದು ಕಲೆ ಯಾವ ಲೆಕ್ಕ?

ಪ್ಯಾನೆಲ್ ಉಳಿದಿದ್ದರೆ ಚಿತ್ರವೇ ಬೇರೆ. ಪವರ್ ಬೋರ್ಡ್, ಮೇನ್ ಬೋರ್ಡ್, ಪರದೆಗೆ ಸಂಕೇತ ಹಂಚುವ ಟಿ-ಕಾನ್ ಬೋರ್ಡ್, ಬ್ಯಾಕ್‌ಲೈಟ್ ಸ್ಟ್ರಿಪ್, ಸ್ಪೀಕರ್ ಇವೆಲ್ಲ ಬದಲಿಸಬಹುದಾದವು. ಚೆನ್ನಾಗಿ ಒಣಗಿಸಿ, ಮೆಕ್ಯಾನಿಕ್ ಸ್ವಚ್ಛಮಾಡಿ ಕೊಟ್ಟ ಮೇಲೆ ಲಕ್ಷಣ ನೋಡಿ ನೀವೇ ಒಂದಿಷ್ಟು ಅಂದಾಜು ಮಾಡಬಹುದು. ಕೆಂಪು ದೀಪವೇ ಬಾರದಿದ್ದರೆ ಪವರ್ ಬೋರ್ಡಿನ ಕಡೆ ಅನುಮಾನ. ದೀಪ ಬಂದು ಮಿಣುಕುತ್ತಿದ್ದರೆ ಎಲ್ಲೋ ಶಾರ್ಟ್ ಇದೆ, ಟಿವಿ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಧ್ವನಿ ಬರುತ್ತದೆ, ಪರದೆ ಕಪ್ಪು ಎಂದಾದರೆ ಕೋಣೆ ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಪರದೆಗೆ ಹತ್ತಿರ ಓರೆಯಾಗಿ ಹಿಡಿದು ನೋಡಿ. ಬೆಳಕು ಬಿದ್ದ ಕಡೆ ಚಿತ್ರದ ಮಸುಕು ನೆರಳು ಓಡಾಡುವುದು ಕಂಡರೆ ಖುಷಿಪಡಿ. ಗಾಜು ಜೀವಂತವಾಗಿದೆ, ಹೋಗಿರುವುದು ಹಿಂದಿನ ಬೆಳಕು ಅಥವಾ ಅದಕ್ಕೆ ವಿದ್ಯುತ್ ಕೊಡುವ ಭಾಗ. ಈ ಪರೀಕ್ಷೆ ಗೊತ್ತಿದ್ದವರಿಗೆ 'ಪ್ಯಾನೆಲ್ ಹೋಗಿದೆ, ಹೊಸದೇ ತಗೊಳ್ಳಿ' ಎಂದು ಸುಲಭವಾಗಿ ಸಾಗಹಾಕಲು ಆಗುವುದಿಲ್ಲ.

ಬೋರ್ಡುಗಳು ಸಿಗುವ ಬಗೆಯೂ ಸ್ವಾರಸ್ಯವಾದದ್ದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಹೊಸ ಬೋರ್ಡ್ ಸಿಗದ ಮಾಡೆಲ್ಲಿಗೂ ಹಳೆಯ ಬೋರ್ಡ್ ಸಿಗುತ್ತದೆ. ಮಕ್ಕಳು ಚೆಂಡು ಹೊಡೆದು ಗಾಜು ಒಡೆದ ಟಿವಿಯ ಬೋರ್ಡು, ನೀರು ಕುಡಿದು ಬೋರ್ಡು ಹೋದ ಟಿವಿಗೆ ಬದುಕು ಕೊಡುತ್ತದೆ. ಅದೂ ಸಿಗದಿದ್ದರೆ 'ಯೂನಿವರ್ಸಲ್ ಬೋರ್ಡ್' ಕೂರಿಸುತ್ತಾರೆ. ಅಗ್ಗ, ಚಿತ್ರವೂ ಬರುತ್ತದೆ, ಆದರೆ ನಿಮ್ಮ ಕಂಪನಿಯ ರಿಮೋಟು, ಮೆನು, ಆ್ಯಪ್‌ಗಳು ಹೋಗಿ ಬೇರೆಯದೇ ಟಿವಿಯಾಗುತ್ತದೆ. ಸೆಟ್‌ಟಾಪ್ ಬಾಕ್ಸಿನಲ್ಲಿ ಸೀರಿಯಲ್, ಕ್ರಿಕೆಟ್ ಮಾತ್ರ ನೋಡುವ ಮನೆಗೆ ಅದರಿಂದ ನಷ್ಟವೇನಿಲ್ಲ. ಆ್ಯಪ್ ಬೇಕೇಬೇಕೆನ್ನುವವರು ಒಂದು ಸ್ಟ್ರೀಮಿಂಗ್ ಸ್ಟಿಕ್ ಚುಚ್ಚಿಕೊಳ್ಳಬಹುದು.

ಈಗ ದುಡ್ಡಿನ ಮಾತು. ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧ ದಾಟದಿದ್ದರೆ ರಿಪೇರಿ ಮಾಡಿಸಿ ಎಂಬ ಲೆಕ್ಕ ಜನರ ಬಾಯಲ್ಲಿದೆ. ಸವೆದು ಕೆಟ್ಟ ಮಿಕ್ಸಿ, ವಾಷಿಂಗ್ ಮಷಿನ್ನಿಗೆ ಅದು ಒಪ್ಪೀತು. ನೀರು ಕುಡಿದ ಟಿವಿಗೆ ನಾನು ಮೂರನೇ ಒಂದು ಭಾಗಕ್ಕೇ ಗೆರೆ ಎಳೆಯುತ್ತೇನೆ. ಕಾರಣ, ಈ ಹಾನಿ ರಿಪೇರಿಯಾದ ದಿನಕ್ಕೆ ನಿಲ್ಲುವುದಿಲ್ಲ. ಇವತ್ತು ಪವರ್ ಬೋರ್ಡ್ ಬದಲಾಗುತ್ತದೆ, ಕಾಣದ ಸಂದಿಯಲ್ಲಿ ಉಳಿದ ಉಪ್ಪು ಮುಂದಿನ ಮಳೆಗಾಲದ ತೇವಕ್ಕೆ ಮತ್ತೆ ಕೆಲಸ ಶುರುಮಾಡುತ್ತದೆ. 'ನೀರು ಬಿದ್ದದ್ದಕ್ಕೆ ಗ್ಯಾರಂಟಿ ಕೊಡಲ್ಲ' ಎಂದು ಮೆಕ್ಯಾನಿಕ್‌ಗಳು ಹೇಳುವುದರಲ್ಲಿ ಮೋಸವಿಲ್ಲ, ಅವರಿಗೂ ಅದು ಕಾಣದ ಸಂದಿಯೇ. ಹೊಸದಕ್ಕೆ 25 ಸಾವಿರ ಎಂದಿಟ್ಟುಕೊಂಡರೆ, ಎಂಟು ಸಾವಿರದೊಳಗೆ ಬಂದರೆ ಸೈ, ಅದಕ್ಕೆ ಮೇಲಾದರೆ ಕೈಬಿಡಿ. 32 ಇಂಚಿನದಾದರೆ ಹೊಸದೇ ಹತ್ತು ಹನ್ನೆರಡು ಸಾವಿರದ ಆಸುಪಾಸಿನಲ್ಲಿ ಸಿಗುವ ಕಾಲ. ಬೋರ್ಡ್ ತೊಳೆಸಿ, ಸಣ್ಣಪುಟ್ಟ ಭಾಗ ಬದಲಿಸುವುದಕ್ಕಿಂತ ಹೆಚ್ಚಿಗೆ ಕೈಹಾಕುವುದರಲ್ಲಿ ಅರ್ಥವಿಲ್ಲ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಕೂಡ ಶೇ 28ರಿಂದ 18ಕ್ಕೆ ಇಳಿದಿರುವುದರಿಂದ ತಕ್ಕಡಿ ಹೊಸದರ ಕಡೆಗೆ ಇನ್ನಷ್ಟು ವಾಲಿದೆ.

ಹಾಗೆಂದು ಅಂಗಡಿಯವರ ಒಂದೇ ಮಾತಿಗೆ ಟಿವಿ ಬಿಸಾಡುವುದೂ ಬೇಡ. ಕಂಪನಿಯ ಸರ್ವಿಸ್ ಸೆಂಟರುಗಳಿಗೆ ಬೋರ್ಡಿನ ಮೇಲಿನ ಒಂದು ಬಿಡಿಭಾಗ ಬದಲಿಸುವ ಅಭ್ಯಾಸ ಕಡಿಮೆ, ಇಡೀ ಬೋರ್ಡೇ ಬದಲು ಎನ್ನುತ್ತಾರೆ. ಬೀದಿ ಮೂಲೆಯ ಮೆಕ್ಯಾನಿಕ್ ಆ ಒಂದು ಭಾಗವನ್ನೇ ಹುಡುಕಿ ಬದಲಿಸಿಯಾನು. ಎರಡೂ ಕಡೆ ಕೇಳಿ. ರಿಪೇರಿ ಗ್ರಾಹಕರ ಹಕ್ಕು ಎಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ಒಂದು ಪೋರ್ಟಲ್ ತೆರೆಯಿತು. ಕಂಪನಿಗಳ ಸರ್ವಿಸ್ ಸೆಂಟರ್, ಬಿಡಿಭಾಗ, ವಾರಂಟಿಯ ವಿವರಗಳನ್ನು ಒಂದೆಡೆ ಸಿಗುವಂತೆ ಮಾಡುವುದು ಅದರ ಉದ್ದೇಶ. ಉದ್ದೇಶ ಒಳ್ಳೆಯದು, ಪ್ಯಾನೆಲ್ಲಿನ ಬೆಲೆ ಮಾತ್ರ ಅದರಿಂದ ಇಳಿದಿಲ್ಲ.

ವಾರಂಟಿಯ ಆಸೆ ಇಟ್ಟುಕೊಳ್ಳಬೇಡಿ. ದ್ರವ ಚೆಲ್ಲಿ ಆದ ಹಾನಿಯನ್ನು ಸಾಮಾನ್ಯವಾಗಿ ಎಲ್ಲ ಕಂಪನಿಗಳೂ ಹೊರಗಿಟ್ಟಿರುತ್ತವೆ, ದುಡ್ಡು ಕೊಟ್ಟು ಕೊಂಡ ಹೆಚ್ಚುವರಿ ವಾರಂಟಿಯಲ್ಲೂ ಬಹಳ ಸಲ ಅದೇ ಕತೆ. ಆದರೆ ಜನ ಮರೆಯುವ ಇನ್ನೊಂದು ಬಾಗಿಲಿದೆ: ಮನೆಯ ವಿಮೆ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ 'ಭಾರತ್ ಗೃಹ ರಕ್ಷಾ' ಎಂಬ ಮಾದರಿ ಪಾಲಿಸಿಯಲ್ಲಿ ನೆರೆ, ಬಿರುಗಾಳಿ ಮಾತ್ರವಲ್ಲ, ನೀರಿನ ಟ್ಯಾಂಕು, ಪೈಪು ಒಡೆದು ಅಥವಾ ಉಕ್ಕಿ ಆದ ಹಾನಿಯೂ ಸೇರಿದೆ. ಕಟ್ಟಡಕ್ಕೆ ಮಾಡಿಸಿದ ವಿಮಾ ಮೊತ್ತದ ಶೇ 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿವರೆಗೆ, ಮನೆಯೊಳಗಿನ ಸಾಮಾನುಗಳಿಗೆ ತಾನಾಗಿಯೇ ಅನ್ವಯಿಸುತ್ತದೆ. ಗೃಹಸಾಲ ಪಡೆಯುವಾಗ ಬ್ಯಾಂಕಿನವರು ಸಹಿ ಹಾಕಿಸಿಕೊಂಡ ಕಾಗದಗಳಲ್ಲಿ ಇಂಥ ಪಾಲಿಸಿ ಇದ್ದು, ಮಾಲೀಕರಿಗೇ ಗೊತ್ತಿಲ್ಲದ ಮನೆಗಳುಂಟು. ಕಾಗದ ತೆಗೆದು ನೋಡಿ. ಕ್ಲೇಮು ಹಾಕುವುದಾದರೆ ನೀರಿನ ಗುರುತು ಕಾಣುವಂತೆ ಫೋಟೊ ತೆಗೆದು, ಟಿವಿಯ ಬೆನ್ನಿನ ಸೀರಿಯಲ್ ನಂಬರನ್ನೂ ಸೇರಿಸಿ, ಕೂಡಲೇ ಕಂಪನಿಗೆ ತಿಳಿಸಬೇಕು. ಸರ್ವೇಯರ್ ಬಂದು ನೋಡುವ ಮುನ್ನ ಟಿವಿಯನ್ನು ಗುಜರಿಗೆ ಕೊಟ್ಟವರು ಆಮೇಲೆ ಕೈ ಕೈ ಹಿಸುಕಿಕೊಳ್ಳುತ್ತಾರೆ. ಗೋಡೆಯಿಂದ ತಿಂಗಳುಗಟ್ಟಲೆ ಜಿನುಗಿದ ತೇವದ ಹಾನಿ ಈ ಲೆಕ್ಕಕ್ಕೆ ಬರುವುದು ಕಷ್ಟ.

ಒಂದು ಸಂದರ್ಭದಲ್ಲಿ ಮಾತ್ರ ಯಾವ ಲೆಕ್ಕವೂ ಬೇಡ. ಕರೆಂಟ್ ಇದ್ದಾಗಲೇ ನೆರೆಯ ನೀರಿನಲ್ಲಿ ಮುಳುಗಿದ ಟಿವಿ, ಅಥವಾ ಮುಳುಗಿ ವಾರಗಟ್ಟಲೆ ಕೆಸರು ಮೆತ್ತಿಕೊಂಡೇ ನಿಂತ ಟಿವಿ. ಅದು ಹೇಗೋ ಆನ್ ಆದರೂ ನಂಬಬಾರದು. ಪವರ್ ಬೋರ್ಡಿನಲ್ಲಿ 230 ವೋಲ್ಟಿನ ಭಾಗವನ್ನೂ ಕಡಿಮೆ ವೋಲ್ಟಿನ ಭಾಗವನ್ನೂ ಬೇರೆ ಇಡಲೆಂದೇ ಒಂದು ಖಾಲಿ ಅಂತರ ಬಿಟ್ಟಿರುತ್ತಾರೆ. ಅಲ್ಲಿ ಕೆಸರು, ಉಪ್ಪು ಒಣಗಿ ಕೂತರೆ ಮುಂದೊಂದು ದಿನದ ತೇವಕ್ಕೆ ಅದು ವಿದ್ಯುತ್ತಿಗೆ ಸೇತುವೆಯಾಗಬಹುದು. ಎಚ್‌ಡಿಎಂಐ ವಯರು ಚುಚ್ಚಲು ಹೋದ ಮಗುವಿಗೆ ಶಾಕ್ ಹೊಡೆಯಬಹುದು, ರಾತ್ರಿ ಯಾರೂ ಇಲ್ಲದಾಗ ಹೊಗೆಯಾಡಬಹುದು. ನೆರೆಯಾದ ಕೆಲ ತಿಂಗಳಿಗೆ 'ರಿಫರ್ಬಿಶ್ಡ್' ಎಂಬ ಹೆಸರಿನಲ್ಲಿ ತೀರಾ ಅಗ್ಗಕ್ಕೆ ಬರುವ ದೊಡ್ಡ ಟಿವಿಗಳನ್ನೂ ಇದೇ ಅನುಮಾನದಿಂದ ನೋಡಿ. ಹಿಂದಿನ ಸ್ಕ್ರೂಗಳ ತಲೆಯಲ್ಲಿ ತುಕ್ಕು, ಗಾಳಿಕಿಂಡಿಯ ಮೂಲೆಯಲ್ಲಿ ಸಣ್ಣ ಮಣ್ಣು, ಎಚ್‌ಡಿಎಂಐ ಕಿಂಡಿಯ ಲೋಹದಲ್ಲಿ ಮಂಕು ಕಂಡರೆ ಮುಂದೆ ಮಾತಾಡದೆ ಹೊರಟುಬಿಡಿ.

ಕೈಬಿಟ್ಟ ಟಿವಿಯನ್ನು ಕಸದ ಗಾಡಿಗೆ ಹಾಕುವಂತಿಲ್ಲ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳಡಿ ಟಿವಿ ಮಾರಿದ ಕಂಪನಿಗಳೇ ಹಳೆಯದರ ಸಂಸ್ಕರಣೆಗೆ ಹೊಣೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ಎಲ್‌ಇಡಿ ಬರುವುದಕ್ಕೆ ಮುಂಚಿನ ಎಲ್‌ಸಿಡಿ ಟಿವಿಗಳ ಹಿಂದಿನ ಟ್ಯೂಬ್‌ಲೈಟುಗಳಲ್ಲಿ ಪಾದರಸ, ಡಬ್ಬಾ ಟಿವಿಯ ಗಾಜಿನಲ್ಲಿ ಸೀಸ ಇದೆ. ಗುಜರಿಯವನು ಕೊಡುವ ಮುನ್ನೂರು ನಾನೂರಕ್ಕೆ ಅದನ್ನು ಎಲ್ಲೋ ಒಡೆದು ಸುಡುವಂತೆ ಮಾಡುವುದು ಸರಿಯಲ್ಲ. ಪ್ಯಾನೆಲ್ ಮಾತ್ರ ಹೋಗಿ ಬೋರ್ಡುಗಳು ಚೆನ್ನಾಗಿರುವ ಟಿವಿಯಾದರೆ ನಿಮ್ಮ ಪರಿಚಯದ ಮೆಕ್ಯಾನಿಕ್‌ಗೇ ಕೊಡಿ, ಅದರ ಸ್ಪೀಕರು, ಸ್ಟ್ರಿಪ್ಪು, ಬೋರ್ಡು ಇನ್ನೊಬ್ಬರ ಮನೆಯ ಟಿವಿಗೆ ಉಪಯೋಗಕ್ಕೆ ಬರುತ್ತವೆ.

ರಿಪೇರಿ ಮಾಡಿಸಿಯೇ ಇಟ್ಟುಕೊಂಡಿರಿ ಎನ್ನೋಣ. ಮತ್ತೆ ಗೋಡೆಗೆ ಹಾಕುವ ಮುನ್ನ ನೀರು ಬಂದ ದಾರಿ ಮುಚ್ಚಿಸಿ, ಗೋಡೆ ಪೂರಾ ಒಣಗಲು ಬಿಡಿ, ಬೆನ್ನಿಗೂ ಗೋಡೆಗೂ ನಡುವೆ ನಾಲ್ಕು ಬೆರಳು ಜಾಗ ಇರಲಿ. ಒರೆಸುವಾಗ ನೀರನ್ನು ಪರದೆಗೆ ಚಿಮುಕಿಸದೆ ಮೆತ್ತನೆಯ ಬಟ್ಟೆಗೆ ಚಿಮುಕಿಸಿ. ಮೊದಲ ಮಳೆಗಾಲ ಕಳೆಯುವವರೆಗಾದರೂ ರಾತ್ರಿ ಮಲಗುವಾಗ, ಮನೆಗೆ ಬೀಗ ಹಾಕಿ ಹೊರಡುವಾಗ, ರಿಮೋಟ್ ಒತ್ತಿ ಸುಮ್ಮನಾಗದೆ ಗೋಡೆಯ ಸ್ವಿಚ್ಚನ್ನೇ ಆರಿಸಿ.